ಹೊಂಡದ ನೀರು ಕುಡಿದ ಅಕ್ಕ

ನನ್ನ ಅಕ್ಕ ಜೆಪ್ಪುವಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆರಡು. ಒಂದು ಮಳೆಗಾಲದಲ್ಲಿ ವಾರಗಟ್ಟಲೆ ರಕ್ತಭೇದಿಯಾಯಿತು. ಅದು ತುಸು ತಗ್ಗಿತು ಅನ್ನುವಷ್ಟರಲ್ಲಿ ಬಲ ಮೊಣಕಾಲು ಊದಿಕೊಂಡಿತು. ಬಟ್ಟೆ ತಾಗಿದರೂ ಚೀರುತ್ತಿದ್ದಳು.

ಅವಳು ಕೆಲಸಕ್ಕೆ ಹೋಗದ ಮೂರನೆಯ ದಿನ ಕಾರ್ಖಾನೆಯ ಮೇಸ್ತ್ರಿ ಮನೆಗೇ ಬಂದ. "ಈ ಪ್ರಾಯಕ್ಕೆ ಎಂತ ವಾತ? ಎಲ್ಲ ಸೋಮಾರಿತನ. ನಾಳೆ ಬರದಿದ್ದರೆ ಬೇರೆಯವಳು ಉಂಟು" ಅಂದ. ಅಂಥವನಿಗೆ ಅಮ್ಮ ಬೆಲ್ಲ, ನೀರು ತಂದಿಟ್ಟು, ಗುಣವಾಗುವವರೆಗೆ ಕೆಲಸ ಉಳಿಸಿಕೊಡಲು ಬೇಡಿ ಒಪ್ಪಿಸಿದಳು. ನನಗೆ ಮೈಯೆಲ್ಲ ಉರಿಯಿತು.

ಎಣ್ಣೆ ತಿಕ್ಕಿದೆವು, ಲಕ್ಕಿ ಸೊಪ್ಪು ಬಿಸಿಮಾಡಿ ಕಟ್ಟಿದೆವು. ಎಡಗಾಲಿನ ಹರಡಿನ ಗಂಟೂ ಊದಿತು. ಕೊನೆಗೆ ಎತ್ತಿನ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದೆವು.

"ಮೊದಲು ಹೊಟ್ಟೆ ಕೆಟ್ಟಿತ್ತಾ?" ಡಾಕ್ಟರಮ್ಮ ಕೇಳಿದರು.

ಅಕ್ಕ ತಲೆ ತಗ್ಗಿಸಿದಳು. "ಇಲ್ಲಮ್ಮ" ಅಂದಳು ಅಮ್ಮ. ಮಗಳ ಕಾಲು ಹೋಗುವ ಹೊತ್ತಿನಲ್ಲೂ ಮರ್ಯಾದೆಯ ಚಿಂತೆ!

"ಸುಳ್ಳು. ರಕ್ತ ಹೋಗ್ತಾ ಇತ್ತು" ಎಂದು ನಾನು ಕೂಗಿಯೇ ಹೇಳಿದೆ.

ಮಲ ಪರೀಕ್ಷೆ ಮಾಡಿಸಿದರು. "ಕರುಳಿನಲ್ಲಿ ಅಮೀಬಾ ಉಂಟು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಗಂಟು ಊದಿದ್ದೂ ಅದರಿಂದಲೇ ಇರಬೇಕು. ನೀನು ಕುಡಿಯುವುದು ಎಲ್ಲಿಯ ನೀರು?"

ಅಕ್ಕ ಆಗ ಬಾಯಿಬಿಟ್ಟಳು. ಕಾರ್ಖಾನೆಯ ಬಾವಿ ಕಚೇರಿಯವರಿಗೆ ಮಾತ್ರ. ಹೆಂಗಸರಿಗೆ ಮಣ್ಣು ನೆನೆಹಾಕುವ ಹೊಂಡದ ನೀರು. ಹೊಂಡದ ಮೇಲ್ಬದಿಯಲ್ಲೇ ಕಕ್ಕಸು.

ದಿನಕ್ಕೊಂದರಂತೆ ಇಂಜೆಕ್ಷನ್ ಚುಚ್ಚಿದರು. ಮೊದಲು ಹೊಟ್ಟೆ ನೆಟ್ಟಗಾಯಿತು, ಆಮೇಲೆ ನಿಧಾನವಾಗಿ ಬಾವು ಇಳಿಯಿತು. ಅವಳು ಗೋಡೆ ಹಿಡಿಯದೆ ನಡೆದ ದಿನ ನಾನು ನೇರ ಕಾರ್ಖಾನೆಗೆ ಹೋದೆ. ಹೊಂಡದಿಂದ ಒಂದು ಚೊಂಬು ನೀರು ಮೊಗೆದು ಮೇಸ್ತ್ರಿಯ ಮುಂದೆ ಹಿಡಿದೆ.

"ಕುಡಿಯಿರಿ."

"ನಿನಗೆ ತಲೆ ಸರಿ ಉಂಟಾ?"

"ನನ್ನ ಅಕ್ಕ ಮೂರು ವರ್ಷ ಇದನ್ನೇ ಕುಡಿದು ಹಾಸಿಗೆ ಹಿಡಿದಳು. ನೀವು ಒಂದು ಗುಟುಕು ಕುಡಿಯಿರಿ."

ಹೆಂಚು ಹೊತ್ತ ಹೆಂಗಸರೆಲ್ಲ ನಿಂತು ನೋಡಿದರು. ಅವನು ಚೊಂಬನ್ನು ಕೈಯಿಂದ ತಳ್ಳಿದ. ಅಕ್ಕನ ಕೆಲಸ ಆ ಕ್ಷಣವೇ ಹೋಯಿತು.

ಮನೆಯಲ್ಲಿ ಅಕ್ಕ ನನ್ನ ಮೇಲೆ ಹರಿಹಾಯ್ದಳು. "ನಿನ್ನ ಸಿಟ್ಟು ತೀರಿತಲ್ಲ? ಹೋಗುವ ಮೊದಲು ನನ್ನನ್ನು ಒಂದು ಮಾತು ಕೇಳಿದೆಯಾ?"

ಕೇಳಿರಲಿಲ್ಲ. ಅವಳು ಗೇರುಬೀಜ ಸುಲಿಯುವ ಕೆಲಸಕ್ಕೆ ಸೇರಿದಳು. ಹೆಂಚಿನ ಕಾರ್ಖಾನೆಯ ಹೆಂಗಸರು ಮಾತ್ರ ಮರುವಾರದಿಂದಲೇ ಮನೆಯಿಂದ ಕುದಿಸಿದ ನೀರು ಒಯ್ಯತೊಡಗಿದರು. ಕಚೇರಿಯವರ ಬಾವಿಯ ಹಗ್ಗವನ್ನು ಆಮೇಲೂ ಅವರ ಕೈಗೆ ಯಾರೂ ಕೊಡಲಿಲ್ಲ.