ಅಜ್ಜಿ ಆಡಿದ ಬೇಸಿಗೆ

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಮ್ಮ ಚನ್ನಗಿರಿ ಕಡೆ ಸಮುದ್ರ ನೋಡುವುದಕ್ಕೆಂದೇ ಯಾರೂ ಮನೆಯಿಂದ ಹೊರಡುತ್ತಿರಲಿಲ್ಲ. ಧರ್ಮಸ್ಥಳಕ್ಕೋ ಉಡುಪಿಗೋ ಹೋದವರು ಹಾದಿಯಲ್ಲಿ ಸಿಕ್ಕಿದರೆ ಕಾಲು ತೋಯಿಸಿಕೊಂಡು, ಬಾಟಲಿಯಲ್ಲಿ ಒಂದಿಷ್ಟು ಉಪ್ಪುನೀರು ತಂದು ಓಣಿಯವರಿಗೆಲ್ಲ ನೆಕ್ಕಿಸುತ್ತಿದ್ದರು. ಅಂಥದ್ದರಲ್ಲಿ ನಾವು ಬೇಸಿಗೆ ರಜೆಯನ್ನೆಲ್ಲ ಮಲ್ಪೆಯ ಕಡಲ ದಂಡೆಯಲ್ಲಿ ಕಳೆದುಬಂದವರು. ನನ್ನ ಗೆಳತಿಯರಿಗೆ ಹೊಟ್ಟೆಕಿಚ್ಚೋ ಹೊಟ್ಟೆಕಿಚ್ಚು. ನನಗೆ ಮಾತ್ರ ಇವತ್ತಿಗೂ ಆ ಬೇಸಿಗೆ ನೆನಪಾದರೆ ಮೊದಲು ಬರುವುದು ದಿಗಿಲು, ಮಿಕ್ಕಿದ್ದೆಲ್ಲ ಆಮೇಲೆ.

ಹೋಗಿದ್ದು ನಮ್ಮ ಗೌರಜ್ಜಿಗಾಗಿ. ಅಪ್ಪಾಜಿಯ ತಾಯಿ. ಅವಳಿಗೆ ದಮ್ಮು ಇತ್ತು. ಆ ವರ್ಷ ಅದು ಎಷ್ಟು ಜೋರಾಯಿತೆಂದರೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಬೇಕಾಯಿತು. ಶಿವಮೊಗ್ಗದ ಡಾಕ್ಟರು ಒಂದೆರಡು ತಿಂಗಳು ಸಮುದ್ರದ ಹವಾದಲ್ಲಿ ಇಡಿ ಅಂದರು. ಅಪ್ಪಾಜಿಗೆ ವ್ಯಾಪಾರದಲ್ಲಿ ಪರಿಚಯವಾಗಿದ್ದ ಒಬ್ಬರದು ಮಲ್ಪೆಯಲ್ಲಿ ಹಂಚಿನ ಮನೆಯೊಂದು ಖಾಲಿ ಇತ್ತು. ಅಜ್ಜಿ, ಅಮ್ಮ, ನಾನು, ತಮ್ಮ ಬಸು, ನಾಲ್ವರನ್ನೂ ಅಲ್ಲಿ ಬಿಟ್ಟು, ಅಡಿಕೆ ಮಂಡಿ ನೋಡಿಕೊಳ್ಳಬೇಕೆಂದು ಅಪ್ಪಾಜಿ ಮರುದಿನವೇ ಬಸ್ಸು ಹತ್ತಿದರು. ನನಗಾಗ ಹತ್ತು ವರ್ಷ, ಬಸುಗೆ ಏಳು.

ಅಜ್ಜಿಯ ತವರು ಜಗಳೂರು ಕಡೆಯ ಒಂದು ಹಳ್ಳಿ. ಕುಡಿಯುವ ನೀರಿಗೆ ಕೊಡ ಹೊತ್ತು ಊರಾಚೆ ನಡೆದು ಬೆಳೆದವಳು. ಮೊದಲ ದಿನ ದಂಡೆಯ ಮೇಲೆ ನಿಂತು ಸಮುದ್ರವನ್ನು ಆ ಕಡೆಯಿಂದ ಈ ಕಡೆವರೆಗೂ ನೋಡಿ, "ನಮ್ ಸೂಳೆಕೆರೆಗಿಂತ ಭಾಳೇನ್ ದೊಡ್ಡದಲ್ಲ ಬಿಡು" ಅಂದಳು. ಆಮೇಲೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಹಿಂಡಿದಳು. "ಕುಡಿಯಾಕೆ ಬರದ್ ನೀರು ಎಷ್ಟಿದ್ರೇನು!"

ನಾನು ಹುಟ್ಟಾ ಪುಕ್ಕಲಿ. ಅಲ್ಲಿ ನನಗೆ ಎಲ್ಲದಕ್ಕೂ ದಿಗಿಲು. ರಾತ್ರಿ ಅಲೆಯ ಸದ್ದು ಮನೆಯೊಳಗೇ ಬಂದಂತಾಗುತ್ತಿತ್ತು. ಅದರ ನಡುವೆ ಅಜ್ಜಿಯ ಉಸಿರು ಕೇಳುತ್ತಿದೆಯೇ ಎಂದು ಕಿವಿಗೊಟ್ಟು ಮಲಗುತ್ತಿದ್ದೆ. ಒಣಮೀನಿನ ವಾಸನೆಗೆ ಅಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಅಡುಗೆ ಮಾಡುತ್ತಿದ್ದಳು. ಊರಿಂದ ತಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಇರುವವರೆಗೂ ಪರವಾಗಿಲ್ಲ, ಆಮೇಲೆ ಅಲ್ಲಿಯ ದಪ್ಪ ಕೆಂಪಕ್ಕಿಯೇ ಗತಿ.

ಎಲ್ಲಕ್ಕಿಂತ ದೊಡ್ಡ ಕಷ್ಟ ಹೊತ್ತು ಹೋಗದಿರುವುದು. ಅದರಲ್ಲೂ ಅಜ್ಜಿಗೆ. ಊರಲ್ಲಿ ಅವಳ ಕೈ ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾವು ನೋಡಿರಲಿಲ್ಲ. ಇಲ್ಲಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಮಡಚಿದ ಸೀರೆ ಬಿಚ್ಚಿ ಮತ್ತೆ ಮಡಚಿದಳು. ನೀರು ತಂದುಕೊಡುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕನ ಕೈಯಿಂದ ಪೊರಕೆ ಕಿತ್ತುಕೊಂಡು ಅಂಗಳ ಗುಡಿಸಿದಳು. ಗುಡಿಸಿದಷ್ಟೂ ಮರಳೇ ಬರುತ್ತಿತ್ತು.

"ಇದೇನ್ ಶಿಕ್ಷೆನೋ ಶಿವನೇ, ಉಣ್ಣೋದು ಕೂರೋದು, ಉಣ್ಣೋದು ಕೂರೋದು" ಎಂದು ಗೊಣಗುತ್ತಿದ್ದವಳು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮರಳ ಮೇಲೆ ಬೆರಳಿಂದ ಗೆರೆ ಎಳೆಯತೊಡಗಿದಳು. ಚೌಕಾಬಾರದ ಮನೆ. "ಬರ್ರಿ ಇಲ್ಲಿ. ಕವಡೆ ಆರಿಸ್ಕಂಬರ್ರಿ" ಅಂದಳು. ನಾನೂ ಬಸುವೂ ಮುಖ ಮುಖ ನೋಡಿಕೊಂಡೆವು. ಅಜ್ಜಿಗೆ ಆಟ ಬರುತ್ತದೆಂಬುದೇ ನಮಗೆ ಗೊತ್ತಿರಲಿಲ್ಲ.

ಬರುವುದಷ್ಟೇ ಅಲ್ಲ, ಮೋಸವೂ ಬರುತ್ತಿತ್ತು. ಸೋಲುವ ಹೊತ್ತಿಗೆ ಸರಿಯಾಗಿ ಕೆಮ್ಮು ಬಂದಂತೆ ಮಾಡಿ, ಬಗ್ಗಿ ಏಳುವಷ್ಟರಲ್ಲಿ ಕಾಯಿ ಒಂದು ಮನೆ ಮುಂದೆ ಹೋಗಿರುತ್ತಿತ್ತು. ಬಸು ಅತ್ತು ರಂಪ ಮಾಡಿದರೆ, "ದಮ್ಮಿನ್ ಮುದುಕಿ ಮ್ಯಾಲೆ ಜಗಳಕ್ ಬರ್ತೀಯೇನಲೇ?" ಎಂದು ಅವನನ್ನೇ ಗದರುತ್ತಿದ್ದಳು. ಕಲ್ಲಾಟ, ಹುಲಿಕುರಿ, ಕೊನೆಗೆ ಕುಂಟೋಬಿಲ್ಲೆ. ಹವಾ ಹಿಡಿಸಿತ್ತೋ ಏನೋ, ಅವಳ ಉಸಿರಿನ ಸುಯ್ಯ್ ಸದ್ದು ಕಡಿಮೆಯಾಗುತ್ತ ಬಂತು. ಅಮ್ಮ ಬಾಗಿಲಲ್ಲಿ ನಿಂತು, "ಅತ್ತೆ, ಸಾಕು ಬನ್ರಿ, ಯಾರಾರ ನೋಡಿದ್ರೆ ಏನಂದಾರು" ಅನ್ನುತ್ತಿದ್ದಳು. "ಇಲ್ಲಿ ನನ್ ಗುರ್ತು ಯಾರಿಗೈತೆ?" ಎಂದು ಅಜ್ಜಿ ನಗುತ್ತಿದ್ದಳು.

ಆಮೇಲೆ ಅವಳೇ ಒಂದು ಹೊಸ ಆಟ ಹುಡುಕಿದಳು. ಅಲೆ ಹಿಂದೆ ಸರಿಯುವಾಗ ಅದರ ಬೆನ್ನಟ್ಟಿ ಹೋಗಬೇಕು. ಮುಂದಿನ ಅಲೆ ಕಾಲು ಮುಟ್ಟುವುದರೊಳಗೆ ವಾಪಸ್ಸು ಬರಬೇಕು. ತೋಯಿಸಿಕೊಂಡವರು ಔಟು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅಜ್ಜಿ ಪುಟುಪುಟು ಓಡುತ್ತಿದ್ದಳು. ನನಗೆ ಖುಷಿಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ನಾನು ಆಟ ಆಡುವುದಕ್ಕಿಂತ ಅಜ್ಜಿಯನ್ನು ಕಾಯುವುದೇ ಹೆಚ್ಚಾಗಿತ್ತು.

ಒಂದು ಸಂಜೆ ಅಲೆ ಮೋಸ ಮಾಡಿತು. ಸಣ್ಣದೆಂದು ಕಂಡದ್ದು ಹತ್ತಿರ ಬಂದು ಎದ್ದು ನಿಂತಿತು. ಅಜ್ಜಿ ಮುಗ್ಗರಿಸಿ ಬಿದ್ದಳು, ನೀರು ಅವಳನ್ನು ಒಂದು ಸಲ ಉರುಳಿಸಿ ಬಿಟ್ಟುಹೋಯಿತು. ನಾನು ಕಿರುಚಿಕೊಂಡು ಓಡಿದೆ. ನೋಡಿದರೆ ಅವಳು ಮರಳಲ್ಲಿ ಕೂತು, ಕೂದಲೆಲ್ಲ ಮುಖಕ್ಕೆ ಅಂಟಿಸಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದಳು. ನಗುತ್ತಲೇ ಒದ್ದೆ ಸೆರಗನ್ನು ಸರಿಮಾಡಿಕೊಳ್ಳಲು ಎದೆಯ ಮೇಲೆ ಕೈ ಇಟ್ಟಳು. ನಗು ಅಲ್ಲಿಗೇ ನಿಂತಿತು. ಕೊರಳಲ್ಲಿ ಶಿವದಾರವಿರಲಿಲ್ಲ, ಅದರಲ್ಲಿ ತೂಗುತ್ತಿದ್ದ ಬೆಳ್ಳಿ ಕರಡಿಗೆಯೂ ಇರಲಿಲ್ಲ.

ಆ ಕರಡಿಗೆಯೊಳಗೆ ಅವಳ ಇಷ್ಟಲಿಂಗವಿತ್ತು. ನಮ್ಮ ಮನೆಯಲ್ಲಿ ಮಕ್ಕಳಿಗೂ ಲಿಂಗ ಕಟ್ಟಿದ್ದರು. ಆದರೆ ನಮಗೆ ಅದರ ನೆನಪಾಗುತ್ತಿದ್ದುದು ಸ್ನಾನದ ಹೊತ್ತಿಗೆ ಮಾತ್ರ. ಅಜ್ಜಿ ಹಾಗಲ್ಲ. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಒಂದು ಗುಟುಕು ನೀರನ್ನೂ ಕುಡಿದವಳಲ್ಲ. ಮೈಮೇಲಿನ ಲಿಂಗ ಹೋದರೆ ಅನ್ನ ನೀರು ಮುಟ್ಟಬಾರದು, ಸಿಗದಿದ್ದರೆ ಹಾಗೇ ಜೀವ ಬಿಡಬೇಕು ಎಂದು ನಂಬಿದ ಕಾಲದವಳು ಅವಳು. ಪುರಾಣದಲ್ಲಿ ಕೇಳಿದ ಅಂಥ ಕಥೆಗಳನ್ನು ನಮಗೇ ಎಷ್ಟೋ ಸಲ ಹೇಳಿದ್ದಳು.

ಮೊಣಕಾಲೂರಿ ನಾವೆಲ್ಲ ಮರಳು ಕೆದಕಿದೆವು. ಅಮ್ಮನ ಕೂಗು ಕೇಳಿ ಗಿರಿಜಕ್ಕ ಓಡಿಬಂದಳು. "ಹೆದರ್ಬೇಡಿ ಅಮ್ಮ. ನಮ್ಮವರತ್ರ ಹೇಳಿ ಬಲೆ ಎಳಿಸ್ತೇನೆ" ಅಂದಳು. ಅಮ್ಮ ತಡವರಿಸಿದಳು. ಮೀನಿನ ಬಲೆ, ಅದರಲ್ಲಿ ಲಿಂಗ ಬಂದರೆ? ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಹಾಕ್ಲಿ. ಶಿವ ಎಲ್ಲಿಲ್ಲ?" ಅಂದಳು. ಗಿರಿಜಕ್ಕನ ಗಂಡ, ಅವನ ಜೊತೆಯವರು ಕತ್ತಲಾಗುವವರೆಗೂ ಎಳೆದರು. ಏಡಿ ಬಂತು, ಬೆಳ್ಳಗೆ ಮಿಂಚುವ ಮೀನು ಬಂತು. ಪ್ರತಿ ಮಿಂಚಿಗೂ ನಾನು ಕರಡಿಗೆಯೆಂದೇ ಜಿಗಿಯುತ್ತಿದ್ದೆ.

ಬೇರೆ ಲಿಂಗ ಕಟ್ಟಬೇಕೆಂದರೆ ನಮ್ಮ ಮನೆತನದ ಗುರುಗಳು, ಅಯ್ನೋರೇ ಬರಬೇಕು. ಅವರಿರುವುದು ಚನ್ನಗಿರಿಯಲ್ಲಿ. ಅಮ್ಮ ರಾತ್ರಿಯೇ ಮನೆಯ ಮಾಲೀಕರ ಅಂಗಡಿಯಿಂದ ಮಂಡಿಗೆ ಟ್ರಂಕ್ ಕಾಲ್ ಮಾಡಿಸಿದಳು. ಅಪ್ಪಾಜಿ ಅಲ್ಲಿರಲಿಲ್ಲ, ನೆಂಟರ ಮದುವೆಗೆಂದು ಹೊನ್ನಾಳಿಗೆ ಹೋಗಿದ್ದರಂತೆ. "ಯಾರನ್ನಾರ ಕಳಿಸಿ ಹೇಳಸ್ತೀವಿ ಅಕ್ಕಾರೆ" ಎಂದು ಗುಮಾಸ್ತ ಅಂದದ್ದಷ್ಟೇ, ಲೈನು ಹೋಯಿತು. ಸುದ್ದಿ ಮುಟ್ಟಿತೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಅಜ್ಜಿಯ ದಮ್ಮು ಮತ್ತೆ ಕೆರಳಿತ್ತು. ಮಾತ್ರೆ ನುಂಗಲು ನೀರು ಬೇಕು, ನೀರು ಮುಟ್ಟುವಂತಿಲ್ಲ. ಅಮ್ಮ ಕಾಲು ಹಿಡಿದು ಬೇಡಿದಳು. "ಅತ್ತೆ, ಔಷಧಿಗೆ ದೋಷ ಇಲ್ರೀ. ಒಂದ್ ಗುಟುಕು."

"ಬ್ಯಾಡ ಕಣವ್ವ. ಬಲವಂತ ಮಾಡಬ್ಯಾಡ" ಅಂದಳು ಅಜ್ಜಿ. ಅಷ್ಟು ಹೇಳಲು ಅವಳಿಗೆ ನಡುವೆ ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ತುಟಿ ಒಣಗಿ ಬಿರಿದಿತ್ತು. ಬಿಸಿಲೇರಿದಂತೆ ಅವಳ ಎದೆ ಮೇಲೆ ಕೆಳಗೆ ಆಗುವುದನ್ನು ನೋಡಲಾರದೆ ನಾನೂ ಬಸುವೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಉಡುಪಿಯಿಂದ ಬರುವ ಒಂದೊಂದು ಬಸ್ಸೂ ನಿಂತಾಗ ಇಳಿಯುವವರ ಕಾಲನ್ನು ನೋಡುತ್ತಿದ್ದೆವು. ಅಪ್ಪಾಜಿಯ ಚಪ್ಪಲಿ ನಮಗೆ ಗೊತ್ತಿತ್ತು. ಪ್ರತಿ ಬಸ್ಸೂ ಖಾಲಿಯಾಗಿ ಹೊರಟುಹೋಗುತ್ತಿತ್ತು.

"ಅಕ್ಕಾ, ದೇವ್ರಿಗೆ ಬೇಡ್ಕಳಾಣ" ಅಂದ ಬಸು. ಸ್ವಲ್ಪ ಹೊತ್ತು ಬಿಟ್ಟು ಅವನೇ, "ಅಲ್ಲ, ಅಜ್ಜಿ ದೇವ್ರೇ ನೀರಾಗ್ ಹೋಗೈತಲ್ಲ, ಯಾರಿಗ್ ಬೇಡ್ಕಳದು?" ಎಂದು ಕೇಳಿದ. ಕೊನೆಗೆ ನಮ್ಮ ನಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಅಂಗಡಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತೆವು. ಅಜ್ಜಿ ಸಾಯಬಾರದು. ಅಷ್ಟೇ, ಬೇರೆ ಏನೂ ಬೇಡ. ಇದನ್ನೇ ಇಬ್ಬರೂ ಬಾಯಿಬಿಟ್ಟು ಹೇಳುತ್ತಿದ್ದೆವು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನಿಂತು ನೋಡಿ ಮುಂದೆ ಹೋದರು.

ಮಧ್ಯಾಹ್ನ ಕಳೆದ ಮೇಲೆ ಅಪ್ಪಾಜಿಯ ಚಪ್ಪಲಿ ಇಳಿಯಿತು. ಹಿಂದೆ, ಹಣೆ ತುಂಬ ವಿಭೂತಿ ಧರಿಸಿದ ನಮ್ಮ ಮುದಿ ಅಯ್ನೋರು, ಬಗಲಲ್ಲಿ ಚೀಲ. ಬಸು ಅಲ್ಲೇ ಗೊಳೋ ಎಂದು ಅತ್ತುಬಿಟ್ಟ.

ಅಯ್ನೋರು ಸ್ನಾನ ಮುಗಿಸಿ, ಮಂತ್ರ ಹೇಳಿ, ಅಜ್ಜಿಯ ಅಂಗೈಯಲ್ಲಿ ಹೊಸ ಲಿಂಗವನ್ನಿಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. "ಅಯ್ನೋರೆ, ಈ ವಯಸ್ನಾಗೆ ನಂಗೆ ಆಟ ಬೇಕಾಗಿತ್ತೇನ್ರಿ? ಸೀರೆ ಎತ್ತಿ ಕಟ್ಕಂಡು ಹುಡುಗ್ರಂಗೆ ಕುಣುದೆ. ಅದಕ್ಕೇ ಲಿಂಗ ನನ್ ಬಿಟ್ಟೋತು" ಅಂದಳು.

"ದಾರ ಹಳೇದಾಗಿತ್ತು, ಹರೀತು ತಾಯಿ. ಅಷ್ಟೇ. ನೀವು ನಕ್ಕಂಡು ಆಡಿದ್ರೆ ಶಿವ ಯಾಕ್ ಸಿಟ್ಟಾಗ್ತಾನೆ?" ಅಂದರು ಅಯ್ನೋರು. ಅಜ್ಜಿ ತಲೆಯಾಡಿಸಿದಳು. ಒಪ್ಪಿದ್ದಕ್ಕಲ್ಲ, ಅಯ್ನೋರಿಗೆ ಎದುರಾಡಬಾರದೆಂದು. ಆಮೇಲೆ ಅಮ್ಮ ಕೊಟ್ಟ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿದು ಮಾತ್ರೆ ನುಂಗಿದಳು. ಸಂಜೆ ಹೊತ್ತಿಗೆ ಎದೆ ಹದಕ್ಕೆ ಬಂತು. ನಾನು ಅವಳ ಮಗ್ಗುಲಲ್ಲೇ ಕೂತು ಉಸಿರು ಕೇಳಿದೆ.

ರಜೆ ಇನ್ನೂ ಬಹಳ ಉಳಿದಿತ್ತು. ಅಜ್ಜಿ ಮತ್ತೆ ಅಕ್ಕಿ ಆರಿಸಲು ಕೂತಳು. ಸಮುದ್ರದ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ಊರಿಗೆ ಮರಳಿದ ಮೇಲೂ ಎಷ್ಟೋ ಸಲ ಪಡಸಾಲೆಯಲ್ಲಿ ಚೌಕಾಬಾರದ ಮನೆ ಬರೆದು ಕರೆದೆವು. "ನಂಗೆ ಕೈ ಬಿಡುವಿಲ್ಲ ಹೋಗ್ರೋ" ಅನ್ನುತ್ತಿದ್ದಳು, ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬಸು ಒಂದು ಸಲ, "ಮೋಸ ಮಾಡಿದ್ರೂ ಅಳಲ್ಲ, ಬಾರಜ್ಜಿ" ಎಂದು ಸೆರಗು ಹಿಡಿದು ಎಳೆದ. ಅವಳು ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಅವಳ ಆ ವಯಸ್ಸಿಗೆ ಈಗ ನಾನು ಬಂದಿದ್ದೇನೆ. ನನ್ನ ಮೊಮ್ಮಕ್ಕಳು ಅಲೆಯಲ್ಲಿ ನನ್ನ ಕೈ ಹಿಡಿದು ಎಳೆದಾಡುತ್ತಾರೆ, ನಾನು ಬಿದ್ದರೆ ಅವರಪ್ಪ ಫೋಟೋ ತೆಗೆಯುತ್ತಾನೆ. ನಮ್ಮ ಕಾಲದ ಯಾರಿಗೂ ಇಷ್ಟು ಸಲೀಸಾಗಿ ನಗುವುದು ದಕ್ಕಿರಲಿಲ್ಲ ಅನ್ನಿಸುತ್ತದೆ. ಅಜ್ಜಿಗೆ ದಕ್ಕಿದ್ದು ಆ ಬೇಸಿಗೆಯ ಕೆಲವೇ ದಿನ. ಅಂಗಡಿ ಕಟ್ಟೆಯ ಮೇಲೆ ಕೂತು ನಾವಿಬ್ಬರೂ ಬೇಡಿಕೊಂಡದ್ದು ಅವಳು ಸಾಯಬಾರದೆಂದು. ಸಾಯಲಿಲ್ಲ. ಆಮೇಲೆ ಎಷ್ಟೋ ವರ್ಷ ಚೆನ್ನಾಗಿಯೇ ಇದ್ದಳು, ನನ್ನ ಮದುವೆಗೆ ಅಕ್ಷತೆ ಹಾಕಿದಳು. ಆದರೆ ನಮ್ಮ ಜೊತೆ ಆಡಿದವಳನ್ನೂ ಉಳಿಸಿಕೊಡು ಎಂದು ಬೇಡಿಕೊಳ್ಳುವುದು ನಮಗೆ ಹೊಳೆಯಲಿಲ್ಲ.