ಬಣ್ಣ ಹಚ್ಚಿದ ಕುರಿ

ಯಲ್ಲದಕೆರೆಯ ಓಬವ್ವನ ಬಾಯಿಗೆ ಹೆದರದ ಕುರಿ ವ್ಯಾಪಾರಿ ಹಿರಿಯೂರು ಸೀಮೆಯಲ್ಲೇ ಇರಲಿಲ್ಲ. ಮಂದೆಯಲ್ಲಿ ಯಾವ ಕುರಿ ಮಾರಬೇಕು ಎನ್ನುವುದು ಅವಳದೇ ತೀರ್ಮಾನ. ಮಾರುವ ಕುರಿಯ ಬೆನ್ನಿಗೆ ಕೆಂಪು ಬಣ್ಣ ಹಚ್ಚುವವಳೂ ಅವಳೇ. ಬಣ್ಣ ಬಿತ್ತೆಂದರೆ ಆ ಕುರಿಯ ಋಣ ಮುಗಿಯಿತು. ಒಮ್ಮೆ ಮಾತ್ರ, ಬಣ್ಣ ಹಚ್ಚಿದ ಕುರಿ ಗಬ್ಬವಾಗಿದೆ ಎಂದು ಗೊತ್ತಾಗಿ, ಹೊರಟ ಗಾಡಿಗೆ ಅಡ್ಡ ನಿಂತು, ಜಗಳವಾಡಿ ಅದನ್ನು ಇಳಿಸಿಕೊಂಡಿದ್ದಳು.

ಅಂಥವಳು ಈಗ ದುರ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಕೂತಿದ್ದಾಳೆ. ಮುಖ ಊದಿ, ಬಿಪಿ ಏರಿ, ಕೊನೆಗೆ ಸ್ಕ್ಯಾನಿಂಗಿನಲ್ಲಿ ಕಿಡ್ನಿಯ ನೆತ್ತಿಯ ಮೇಲಿರುವ ಸಣ್ಣ ಗ್ರಂಥಿಯಲ್ಲಿ ಗಡ್ಡೆ ಸಿಕ್ಕಿತ್ತು. ಗಡ್ಡೆಯನ್ನೇನೋ ತೆಗೆದಾಯಿತು. ಅದು ಎಂಥದ್ದು, ಕ್ಯಾನ್ಸರೋ ಅಲ್ಲವೋ ಎನ್ನುವುದು ಇನ್ನೂ ಗೊತ್ತಾಗಬೇಕಿತ್ತು. "ಗಡ್ಡೆಯ ಚೂರಿಗೆ ಬಣ್ಣ ಹಾಕಿ ಪ್ರೋಟೀನಿನ ಗುರುತು ನೋಡ್ತಾರಮ್ಮ" ಎಂದು ಡಾಕ್ಟರ್ ಸುಪ್ರಿಯಾ ಹೇಳಿದ್ದೇ ತಡ, ಅವಳ ಜೀವ ಬಾಯಿಗೆ ಬಂದಿತ್ತು. ಬಣ್ಣ! ಅಂದಿನಿಂದ ಊಟ ಸೇರಿಲ್ಲ, ನಿದ್ದೆ ಹತ್ತಿಲ್ಲ.

"ಸುಮ್ಕಿರೇ, ಏನೂ ಆಗಲ್ಲ" ಎಂದ ಗಂಡ ಕಾಟಪ್ಪ. ಹಾಗೆಂದವನೇ ಗಳಿಗೆಗೊಮ್ಮೆ ಎದ್ದು ಹೋಗಿ ಡಾಕ್ಟರ ಬಾಗಿಲು ಇಣುಕಿ ಬರುತ್ತಿದ್ದ.

ಒಳಗೆ ಕರೆದರು. ಡಾಕ್ಟರ್ ರಿಪೋರ್ಟ್ ನೋಡಿ, "ಒಂದು ಗುರುತು ಬಂದಿದೆ" ಎಂದರು.

"ಮುಗೀತಲ್ಲೋ ಶಿವನೇ!" ಓಬವ್ವ ಅಲ್ಲೇ ಕುಸಿದಳು.

"ಅಯ್ಯೋ, ಅದಕ್ಕೆ ಹೆದರಬೇಡಿ. ಗಡ್ಡೆ ಅದೇ ಗ್ರಂಥಿಯಲ್ಲಿ ಹುಟ್ಟಿದ್ದು, ಬೇರೆ ಕಡೆಯಿಂದ ಬಂದದ್ದಲ್ಲ ಅಂತ ತೋರಿಸೋ ಗುರುತು ಅದು."

"ಯಾರ ಮಂದೇದು ಅಂತ ಗೊತ್ತಾಗ್ಲಿ ಅಂತ ಕುರಿ ಕಿವಿ ಸೀಳಿರ್ತೀವಲ್ಲ, ಅಂಥದ್ದಾ?"

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಕಾಟಪ್ಪನೇ ಕಿವಿಯ ಸಂಗತಿ, ಬಣ್ಣದ ಸಂಗತಿ, ಗಾಡಿ ತಡೆದ ಸಂಗತಿ ಎಲ್ಲವನ್ನೂ ಬಿಡಿಸಿ ಹೇಳಿದ. ಅವರು ನಕ್ಕರು, ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಹಂಗಾರೆ ಮಾರೋ ಕುರಿಗೆ ಹಚ್ತೀವಲ್ಲ, ಆ ಬಣ್ಣದ್ದು?" ಎಂದಳು ಓಬವ್ವ.

"ಅದು ಇನ್ನೊಂದು ಗುರುತು. ಗಡ್ಡೆ ಎಷ್ಟು ಜೋರಾಗಿ ಬೆಳೀತಿತ್ತು ಅಂತ ಹೇಳುತ್ತೆ. ಅದು ಜಾಸ್ತಿನೇ ಬಂದಿದೆಯಮ್ಮ. ಇದು ಕ್ಯಾನ್ಸರೇ, ಮರಳಿ ಬರಬಹುದು. ಮಾತ್ರೆ ಶುರು ಮಾಡಬೇಕು, ಆಗಾಗ ಸ್ಕ್ಯಾನ್ ಮಾಡಿಸ್ತಾ ಇರಬೇಕು."

ಕಾಟಪ್ಪ ಟವೆಲ್ಲಿಗೆ ಮುಖ ಒತ್ತಿಕೊಂಡು ಬಿಕ್ಕಿದ. ಓಬವ್ವ ಮೇಜು ಹಿಡಿದು ಮೆಲ್ಲಗೆ ಎದ್ದು ನಿಂತಳು.

"ಬಣ್ಣ ಬಿದ್ದೈತೆ, ಸರಿ. ಗಾಡಿ ಇನ್ನೂ ಹೊರಟಿಲ್ಲ ತಾನೇ ಡಾಕ್ಟ್ರಮ್ಮ?"

ಸುಪ್ರಿಯಾ ಔಷಧಿ ಚೀಟಿ ಹತ್ತಿರ ಎಳೆದುಕೊಂಡರು. "ಹೊರಟಿಲ್ಲಮ್ಮ."

"ಹಂಗಾರೆ ಮಾತ್ರೆ ಬರ್ಕೊಡ್ರಿ. ಅಡ್ಡ ನಿಂತ್ಕಂತೀನಿ."