ಹೆಬ್ಬಾವಿಗೆ ಹಾಲೆರೆದವರು

ನಮ್ಮ ಮನೆಯಲ್ಲಿ ಹಾವು ಇದೆಯೆಂದು ತಿಳಿದ ಮೇಲೆ ನೈರೋಬಿಯ ಕನ್ನಡಿಗರು ಎರಡು ವರ್ಷ ನಮ್ಮಲ್ಲಿ ಕಾಫಿ ಕುಡಿಯಲಿಲ್ಲ. ಹಬ್ಬಕ್ಕೆ ಕರೆದರೆ ಒಬ್ಬರಿಗೆ ಮೀಟಿಂಗು, ಇನ್ನೊಬ್ಬರಿಗೆ ಮಂಡಿನೋವು. ಅದೂ ಎಂಥ ಹಾವು? ಮೂರೂವರೆ ಅಡಿಯ ಸಾಧು ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಮುಚ್ಚಿಟ್ಟುಕೊಳ್ಳುವಂಥದ್ದು. ಮಗಳ ಜೀವಶಾಸ್ತ್ರದ ಟೀಚರ್ ದೇಶ ಬಿಟ್ಟು ಹೋಗುವಾಗ ಪರವಾನಗಿಯ ಕಾಗದಗಳ ಸಮೇತ ಅವಳಿಗೆ ಒಪ್ಪಿಸಿದ್ದರು. ಹದಿನಾಲ್ಕು ವರ್ಷದ ಅವಳಿಗೆ ಅದನ್ನು ನೋಡಿಕೊಳ್ಳುವುದರಲ್ಲಿ ಇದ್ದ ಶಿಸ್ತು ನಮ್ಮ ಕಾರ್ಖಾನೆಯ ಅರ್ಧ ಜನಕ್ಕಿದ್ದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು.

ನನ್ನ ಕೆಲಸ ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು. ಪುಡಿಯಲ್ಲಿ ತೇವ ಒಂದಿಷ್ಟು ಹೆಚ್ಚಾದರೂ ಇಡೀ ಬ್ಯಾಚನ್ನು ತಿರಸ್ಕರಿಸುವವನು ನಾನು. ದಡ್ಡರನ್ನು ಕಂಡರೆ ನನಗಾಗುವುದಿಲ್ಲ. ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ, ಮನೆಯೊಳಗಂತೂ ಇಲ್ಲವೇ ಇಲ್ಲ.

ಆ ವರ್ಷ ನಾಗರಪಂಚಮಿಗೆ ಎರಡು ದಿನ ಇರುವಾಗ ನಮ್ಮ ಎಂ.ಡಿ.ಯ ಹೆಂಡತಿ ಫೋನ್ ಮಾಡಿದರು. ಆಕೆಯ ಮೊಣಕೈಯಲ್ಲಿ ತುರಿಕೆ, ಒರಟು ಕಲೆ. ಚರ್ಮದ ಮುಲಾಮನ್ನೇ ತಯಾರಿಸುವ ಕಾರ್ಖಾನೆಯವರ ಹೆಂಡತಿ, ಮುಲಾಮು ಬಿಟ್ಟು ಊರಿನ ಜ್ಯೋತಿಷಿಯನ್ನು ವಿಡಿಯೋದಲ್ಲಿ ಹಿಡಿದು ನಾಗದೋಷ ಅಂತ ಹೇಳಿಸಿಕೊಂಡಿದ್ದರು. "ನಿಮ್ಮನೇಲಿ ಸಾಕ್ಷಾತ್ ನಾಗಪ್ಪನೇ ಇದಾನಲ್ರೀ! ಫ್ರೆಂಡ್ಸ್ ಎಲ್ಲ ಸೇರ್ಕೊಂಡು ಬರ್ತೀವಿ," ಅಂದರು. ಹೆಡೆಯೇ ಇಲ್ಲದ ಹೆಬ್ಬಾವಿಗೆ ನಾಗಪೂಜೆ! ನಾನು "ಅಯ್ಯೋ ಬನ್ನಿ ಮೇಡಂ, ನಮ್ಮ ಭಾಗ್ಯ," ಅಂದೆ.

ನನ್ನ ಹೆಂಡತಿ ಆ ತಿಂಗಳು ಕೆಲಸದ ಮೇಲೆ ಕಿಸುಮುವಿನಲ್ಲಿದ್ದಳು. ಹಬ್ಬದ ಬೆಳಿಗ್ಗೆ ಈಜಿನ ತರಬೇತಿಗೆ ಹೊರಟ ಮಗಳು ಬಾಗಿಲಲ್ಲಿ ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಲೆಟ್ ದೆಮ್ ಲುಕ್, ಅಪ್ಪಾ. ಬಟ್ ನಥಿಂಗ್ ವೆಟ್. ಪ್ರಾಮಿಸ್?" ಹೊಟ್ಟೆಯ ಕೆಳಗೆ ಒದ್ದೆ ನಿಂತರೆ ಹಾವಿನ ಚರ್ಮ ಕೊಳೆಯುತ್ತದೆಂದು ಅವಳು ಹತ್ತು ಸಲ ಹೇಳಿದ್ದಳು. ಹೇಳದಿದ್ದರೂ ನನಗೆ ಗೊತ್ತಿತ್ತು. "ಪ್ರಾಮಿಸ್ ಕಣೇ, ಹೋಗು," ಅಂದೆ.

ಹದಿಮೂರು ಜನ ಬಂದರು. ಎರಡು ವರ್ಷ ನಮ್ಮ ಗೇಟು ದಾಟದವರು, ಲ್ಯಾವಿಂಗ್ಟನ್ನಿನ ನಮ್ಮ ಕಾಂಪೌಂಡಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ಪರಸ್ಪರ ಹಾರನ್ ಹೊಡೆದುಕೊಂಡರು. ನ್ಗಾರಾದ ಅಂಗಡಿಗಳಿಂದ ತಂದ ಅರಿಶಿನ, ಕುಂಕುಮ, ಹೂವು. ಒಬ್ಬೊಬ್ಬರ ಕೈಯಲ್ಲೂ ಪ್ಯಾಕೆಟ್ ಹಾಲು. ನಮ್ಮ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವ ಇಂಜಿನಿಯರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು "ಕಚ್ಚಲ್ಲ ಅಲ್ವಾ?" ಎಂದು ನಾಲ್ಕು ಸಲ ಕೇಳಿ, ಆಮೇಲೆ ಉದ್ದಕ್ಕೆ ಅಡ್ಡಬಿದ್ದ. ಹಾವು ಎಂದಿನಂತೆ ತಲೆ ಮುಚ್ಚಿಕೊಂಡಿತು. "ನೋಡಿ, ನಾಚ್ಕೋತಿದೆ," ಎಂದರು ಯಾರೋ. ಇವರೆಲ್ಲ ಡಿಗ್ರಿ ಪಡೆದವರು.

ಹೆಂಡತಿಯ ಜೊತೆ ಬಂದಿದ್ದ ಎಂ.ಡಿ. ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ನನ್ನ ಕಡೆ ತಿರುಗಿದರು. "ಸ್ವಲ್ಪ ಎರೀಬಹುದಾ? ಅದಕ್ಕೇನೂ ಆಗಲ್ಲ ತಾನೇ?"

ಅಡುಗೆಮನೆಯ ಬಾಗಿಲಲ್ಲಿ ನಮ್ಮ ಮನೆಗೆಲಸದ ಹೆಂಗಸು ನಿಂತಿದ್ದಳು. ಹಾವಿಗೆ ಹೆದರಿ ಆ ಕೋಣೆಗೆ ಎಂದೂ ಕಾಲಿಟ್ಟವಳಲ್ಲ. "ಬ್ವಾನಾ, ಮ್ಟೊಟೊ ಅಲಿಸೇಮಾ ಹಪಾನಾ," ಅಂದಳು. ಮಗು ಬೇಡ ಅಂದಿದೆಯಲ್ಲ, ಎಂದು. ನಾನು ಅವಳತ್ತ "ಸವಾ, ಸವಾ", ಸರಿ ಸರಿ, ಎಂದು ಕೈ ಬೀಸಿ, ಎಂ.ಡಿ.ಗೆ "ಧಾರಾಳವಾಗಿ ಎರೀರಿ ಸರ್, ಏನೂ ಆಗಲ್ಲ," ಅಂದೆ. ಎರೆದರು. ಅವರಾದ ಮೇಲೆ ಅವರ ಹೆಂಡತಿ, ಆಮೇಲೆ ಉಳಿದವರು, ಅರಿಶಿನ ಕಲಸಿ. ಮನಸ್ಸಿನಲ್ಲಿ ಒಬ್ಬೊಬ್ಬರನ್ನೂ ಬೈಯುತ್ತ ನಾನು ಪ್ಯಾಕೆಟ್ಟುಗಳನ್ನು ಕತ್ತರಿಸಿ ಕೊಡುತ್ತಿದ್ದೆ.

ಅವರು ಹೋದ ಮೇಲೆ ಒದ್ದೆಯಾದ ತೆಂಗಿನ ನಾರಿನ ಹಾಸನ್ನು ಮಗುಚಿ, ಒಣಗಿದ್ದನ್ನು ಮೇಲೆ ಹರಡಿದೆ. ಹಾವಿನ ಬೆನ್ನು ಒರೆಸಿದೆ. ಮಗಳು ಬಂದು ಕೇಳಿದಾಗ "ದೂರದಿಂದ ಕೈಮುಗಿದು ಹೋದ್ರು, ಪೆದ್ದರು," ಎಂದು ನಕ್ಕೆ. ಮೂರನೆಯ ದಿನ ಹುಳಿ ವಾಸನೆ ಬಂತು. ಪಕ್ಕದ ಮನೆಯ ಮೋರಿ ಅಂದೆ.

ಐದನೆಯ ದಿನ ಅವಳು ಹಾವನ್ನು ಎತ್ತಿ ಹೊಟ್ಟೆ ನೋಡಿದಳು. ಅಗಲವಾದ ಹುರುಪೆಗಳ ಅಂಚಿನಲ್ಲಿ ಕಂದು ಕಲೆ, ಎರಡು ಕಡೆ ಸಣ್ಣ ನೀರುಗುಳ್ಳೆ. ಹಾಸಿನ ತಳದಲ್ಲಿ ಗಟ್ಟಿಯಾದ ಹಳದಿ ಹಾಲು. ಅವಳು ಫೋನ್ ಕೈಗೆತ್ತಿಕೊಂಡಳು.

ಹಾವು ಉಳಿಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅವಳು ಫೋನ್ ಮಾಡಿದ್ದಕ್ಕೆ ಕರೆನ್ ಬಡಾವಣೆಯಿಂದ ಬಂದ ಪ್ರಾಣಿವೈದ್ಯೆ, ರೋಗ ಇನ್ನೂ ಮೇಲ್ಪದರದಲ್ಲಿದೆ, ಮನೆಯಲ್ಲೇ ವಾಸಿಮಾಡಬಹುದು, ಆದರೆ ಒಂದು ದಿನವೂ ತಪ್ಪಬಾರದು, ಒಳಗಿಳಿದರೆ ಕಷ್ಟ ಎಂದರು. ಹಾಸೆಲ್ಲ ಹೊರಗೆ ಹೋಯಿತು, ಅದರ ಜಾಗಕ್ಕೆ ಬರಿ ಕಾಗದ. ಬೆಚ್ಚಗಿನ ನೀರಿಗೆ ಅಯೋಡಿನ್ ದ್ರಾವಣವನ್ನು ತೆಳು ಟೀ ಬಣ್ಣ ಬರುವಷ್ಟು ಬೆರೆಸಿ, ತಲೆ ಮೇಲಿರುವಂತೆ ಹಾವನ್ನು ಕಾಲು ಗಂಟೆ ಅದರಲ್ಲಿ ಬಿಡುವುದು. ಆಮೇಲೆ ಮೆಲ್ಲಗೆ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ. ನಾನು ಕಾರ್ಖಾನೆಯಿಂದ ನಮ್ಮ ಮುಲಾಮು ತಂದೆ. "ನಾಟ್ ಫಾರ್ ಸ್ನೇಕ್ಸ್," ಎಂದು ಮುಚ್ಚಳವನ್ನೂ ತೆಗೆಯದೆ ವಾಪಸು ಕೊಟ್ಟಳು.

ಆ ಭಾನುವಾರ ಅವಳು ಹಾವನ್ನು ಒರೆಸುತ್ತಿದ್ದಾಗ ನಾನು ಪಕ್ಕದಲ್ಲಿ ನಿಂತು ಶುರುಮಾಡಿದೆ. "ಮುಠ್ಠಾಳರು ಕಣೇ. ಓದಿದ್ದೆಲ್ಲ ದಂಡ. ಹೆಬ್ಬಾವು ಯಾವುದು, ನಾಗರ ಯಾವುದು ಗೊತ್ತಿಲ್ಲ, ಹಾವು ಹಾಲು ಕುಡಿಯಲ್ಲ ಅಂತ ಗೊತ್ತಿಲ್ಲ..."

"ದೇ ಡಿಡಂಟ್ ನೋ, ಅಪ್ಪಾ." ಅವಳು ಟವೆಲ್ಲಿನಿಂದ ಕಣ್ಣೆತ್ತಲಿಲ್ಲ. "ಯು ನ್ಯೂ."

ನನಗೆ ನಾಚಿಕೆಯಾಯಿತು. ಎಂ.ಡಿ. ನನ್ನನ್ನು ಕೇಳಿಯೇ ಎರೆದಿದ್ದರು. ಬೇಡ ಸರ್ ಅಂದಿದ್ದರೆ ಬಹುಶಃ ಪ್ಯಾಕೆಟ್ಟು ಕೆಳಗಿಡುತ್ತಿದ್ದರು. ಹದಿಮೂರು ಜನರನ್ನೂ ಕೀಳಾಗಿ ಕಾಣುತ್ತಿದ್ದ ನನಗೆ, ಅವರಲ್ಲಿ ಒಬ್ಬರಿಗೆ ಒಂದು ಮಾತು ಹೇಳುವ ಧೈರ್ಯವಿರಲಿಲ್ಲ.

ಮರುವಾರ ಅವಳಿಗೆ ಶಾಲೆಯ ಕ್ಯಾಂಪ್, ನಾಲ್ಕು ದಿನ. ಮದ್ದು ತಪ್ಪುವಂತಿರಲಿಲ್ಲ. "ನಾನು ಮಾಡ್ತೀನಿ, ನೀನು ಆರಾಮಾಗಿ ಹೋಗ್ಬಾ," ಅಂದೆ. ಅವಳು ನನ್ನ ಮುಖ ನೋಡಿದಳು, ಅಡುಗೆಮನೆಗೆ ಹೋದಳು. ಮನೆಗೆಲಸದ ಹೆಂಗಸನ್ನು ಕರೆತಂದು, ಹಿಂಜರಿಯುತ್ತಿದ್ದ ಆಕೆಯ ಎರಡೂ ಕೈಗಳ ಕೆಳಗೆ ತನ್ನ ಕೈಗಳನ್ನು ಕೊಟ್ಟು, ಹಾವನ್ನು ಹಿಡಿಯುವುದು ಹೇಗೆಂದು ಕಲಿಸತೊಡಗಿದಳು.